ಕಷಾಯರಸವೂ ದಂತಬಂಧಕವೂ

ಅಮರಕೋಶದ ವನೌಷಧಿವರ್ಗದಲ್ಲಿ ಖದಿರವೃಕ್ಷಕ್ಕೆ ಹೇಳಿರುವ ಪರ್ಯಾಯನಾಮಗಳಲ್ಲಿ ‘ದಂತಧಾವನ’ ಎಂಬುದೂ ಒಂದು. ಹಲ್ಲುಜ್ಜುವ ಕ್ರಿಯೆಗೆ ಸಲ್ಲುವ ಮಾತು ಮರಕ್ಕೇ ಹೆಸರಾಗಿ ನಿಂತಿರುವುದನ್ನು ನೋಡಿದರೆ, ಆ ಮರಕ್ಕೂ ಮನುಷ್ಯನ ಬಾಯಿಗೂ ಇದ್ದ ನಂಟು ಕೋಶಕಾರನ ಕಾಲಕ್ಕೇ ರೂಢವಾಗಿದ್ದಿತೆಂಬುದು ಸ್ಪಷ್ಟ. ಕನ್ನಡದಲ್ಲಿ ಇದಕ್ಕೆ ಕಗ್ಗಲಿಯೆಂದು ಹೆಸರು. ಇದರ ಚೇಗನ್ನು ಚಕ್ಕೆಮಾಡಿ ಕುದಿಸಿ ಬತ್ತಿಸಿದರೆ ಬರುವ ಗಟ್ಟಿಸಾರವೇ ತಾಂಬೂಲಕ್ಕೆ ಸೇರುವ ಕಾಚು. ಕಾಚೆಂಬ ಈ ಎರಡಕ್ಷರದ ಮಾತು ಕಡಲು ದಾಟಿ ಯೂರೋಪಿನ ಭಾಷೆಗಳಲ್ಲಿ ಕ್ಯಾಟೆಚು ಎಂದಾಯಿತು; ಅಲ್ಲಿಂದ ರಸಾಯನಶಾಸ್ತ್ರದ ಕ್ಯಾಟೆಚಿನ್ ಎಂಬ ಸಂಜ್ಞೆಯಾಯಿತು; ಇಪ್ಪತ್ತೊಂದನೆಯ ಶತಮಾನದಲ್ಲಿ ಅದು ಮತ್ತೆ ಹಲ್ಲಿನ ಬಳಿಗೇ ಬಂದು ನಿಂತಿದೆ. ಈ ಸಲ ಅದು ಬಂದಿರುವುದು ಹಲ್ಲುಜ್ಜುವ ಕಡ್ಡಿಯಾಗಿ ಅಲ್ಲ, ಹುಳುಕನ್ನು ಕೆರೆದು ತೆಗೆದ ಕುಳಿಯಲ್ಲಿ ತುಂಬುವ ಕೃತಕರಾಳವನ್ನು ಹಲ್ಲಿಗೆ ಹಿಡಿಸುವ ಅಂಟಿನೊಳಗೆ ಬೆರಸತಕ್ಕ ದ್ರವ್ಯಗಳ ಗುಂಪಿನಲ್ಲಿ. ಆ ಅಂಟನ್ನು ಇಲ್ಲಿ ದಂತಬಂಧಕವೆಂದು ಕರೆಯಲಾಗಿದೆ. ಆಮ್ಲಜನಕದ ಸಂಯೋಗದಿಂದ ವಸ್ತುಗಳು ಕೆಡುವುದನ್ನು ತಡೆಯುವ ದ್ರವ್ಯಕ್ಕೆ, ಎಂದರೆ ಆ್ಯಂಟಿಆಕ್ಸಿಡೆಂಟಿಗೆ, ಉತ್ಕರ್ಷಣನಿರೋಧಕವೆಂಬ ಹೆಸರು ಈಗ ಕನ್ನಡದಲ್ಲಿ ನೆಲೆಗೊಂಡಿದೆ.

ಸಸ್ಯಜನ್ಯವಾದ ಉತ್ಕರ್ಷಣನಿರೋಧಕಗಳನ್ನು ದಂತಬಂಧಕದಲ್ಲಿ ಬೆರಸುವ ಪ್ರಯತ್ನದ ಇತಿಹಾಸವನ್ನು ಬರೆಯಹೊರಟವನಿಗೆ ಎರಡು ಕಡೆಯಿಂದ ಎಳೆತ ತಪ್ಪಿದ್ದಲ್ಲ. ಚರಕಸುಶ್ರುತರು ಇದನ್ನೆಲ್ಲ ಮೊದಲೇ ಹೇಳಿದ್ದಾರೆ ಎನ್ನುವವರು ಒಂದು ಕಡೆ. ಹಳೆಯ ಗ್ರಂಥಗಳಿಗೂ ಈ ವಿಷಯಕ್ಕೂ ಯಾವ ಸಂಬಂಧವೂ ಇಲ್ಲ ಎನ್ನುವವರು ಇನ್ನೊಂದು ಕಡೆ. ಗ್ರಂಥಗಳಲ್ಲಿ ಇರುವುದೇನೆಂಬುದನ್ನು ಮೊದಲು ನೋಡುವುದು ಯುಕ್ತ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ದಂತಕಾಷ್ಠದ ವಿಧಿ ಇದೆ. ಅದು ಹನ್ನೆರಡು ಅಂಗುಲ ಉದ್ದವಾಗಿ ಕಿರುಬೆರಳಿನಷ್ಟು ದಪ್ಪವಾಗಿರಬೇಕು. ರಸಭೇದದಿಂದ ಮರಗಳನ್ನು ವಿಂಗಡಿಸಿ, ಕಹಿಯಲ್ಲಿ ಬೇವು, ಒಗರಿನಲ್ಲಿ ಖದಿರ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದು ಅಲ್ಲಿ ಹೇಳಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿಯೂ ಎಕ್ಕ, ಆಲ, ಹೊಂಗೆ, ಮತ್ತಿಗಳೊಡನೆ ಖದಿರವು ಸೇರಿದೆ. ಆದರೆ ಚರಕನ ಸೂತ್ರಸ್ಥಾನದ ಪಟ್ಟಿಯಲ್ಲಿ ಹೊಂಗೆ, ಕಣಗಿಲೆ, ಎಕ್ಕ, ಮಾಲತಿ, ಮತ್ತಿ, ಹೊನ್ನೆಗಳು ಇದ್ದು ಖದಿರವು ಕಾಣುವುದಿಲ್ಲ. ಅಲ್ಲಿ ಮರದ ಹೆಸರಿಗಿಂತ ಒಗರು, ಖಾರ, ಕಹಿಗಳೆಂಬ ರಸವೇ ಮುಖ್ಯವಾಗಿದೆ. ಖದಿರವು ಚರಕನಲ್ಲಿ ಹಲ್ಲಿನ ಬಳಿಗೆ ಬರುವುದು ಚಿಕಿತ್ಸಾಸ್ಥಾನದ 26ನೆಯ ಅಧ್ಯಾಯದ ಖದಿರಾದಿಗುಟಿಕೆಯ ಮೂಲಕ. ಇದು ಬಾಯಲ್ಲಿಟ್ಟುಕೊಳ್ಳತಕ್ಕ ಗುಳಿಗೆ.

ಕಷಾಯರಸದ ಲಕ್ಷಣವನ್ನು ಸುಶ್ರುತನು ಬಾಯಿಯ ಅನುಭವದಿಂದಲೇ ಕಟ್ಟಿದ್ದಾನೆ. ಬಾಯನ್ನು ಒಣಗಿಸುವುದು, ನಾಲಗೆಯನ್ನು ಸ್ತಂಭಿಸುವುದು, ಕಂಠವನ್ನು ಕಟ್ಟುವುದು ಅದರ ಗುರುತುಗಳು. ಚರಕನು ಅದರ ಕರ್ಮಗಳನ್ನು ಎಣಿಸುವಾಗ ‘ಸಂಗ್ರಾಹಿ’, ‘ಸ್ತಂಭನ’, ‘ರೋಪಣ’ ಎಂಬ ಮಾತುಗಳ ನಡುವೆ ‘ಸಂಧಾನಕರ’ ಎಂಬುದನ್ನೂ ಇಟ್ಟಿದ್ದಾನೆ. ಸಂಧಾನವೆಂದರೆ ಕೂಡಿಸುವುದು. ಇದನ್ನು ಹಿಡಿದುಕೊಂಡು, ಅಂಟಿನ ತತ್ತ್ವವನ್ನು ಚರಕನೇ ಹೇಳಿಬಿಟ್ಟನೆಂದು ಘೋಷಿಸುವುದು ಸುಲಭ. ಆದರೆ ಪ್ರಕರಣವನ್ನು ಬಿಟ್ಟು ಪದವನ್ನು ಎತ್ತುವುದು ಅರ್ಥನಿರ್ಣಯದ ಮಾರ್ಗವಲ್ಲ. ಅಲ್ಲಿ ಸಂಧಾನವು ಸೀಳಿದ ಮಾಂಸ ಕೂಡುವುದಕ್ಕೆ, ವ್ರಣ ಮಾಯುವುದಕ್ಕೆ ಸಂಬಂಧಿಸಿದುದು. ಹಲ್ಲಿಗೆ ಬೇರೊಂದು ವಸ್ತುವನ್ನು ಅಂಟಿಸುವ ಕಲ್ಪನೆ ಆ ವಾಕ್ಯದಲ್ಲಿ ಇಲ್ಲ. ಸಸ್ಯರಸದಿಂದ ಅಂಟು ಮಾಡುವುದು ಪ್ರಾಚೀನರಿಗೆ ತಿಳಿದಿರಲಿಲ್ಲವೆಂದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ವಜ್ರಲೇಪಪ್ರಕರಣದಲ್ಲಿ ಬಲಿಯದ ತಿಂದುಕದ ಕಾಯಿ, ಬೇಲದ ಕಾಯಿ ಮೊದಲಾದ ಒಗರು ದ್ರವ್ಯಗಳನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಿ, ಗುಗ್ಗುಲು ಸರ್ಜರಸಾದಿಗಳನ್ನು ಸೇರಿಸುವ ಕ್ರಮ ಹೇಳಿದೆ. ಆದರೆ ಅದು ದೇವಾಲಯದ ಗೋಡೆಗೂ ಪ್ರತಿಮೆಗೂ ಹೇಳಿದ ಲೇಪ, ಬಾಯಿಗೆ ಹೇಳಿದುದಲ್ಲ.

ಹೀಗಿರಲು ಹಳೆಯ ಶಾಸ್ತ್ರದಿಂದ ಸಿಕ್ಕುವುದು ಒಂದು ಸೂಕ್ಷ್ಮವಾದ ಅವಲೋಕನ: ಒಗರೆಂಬುದು ಬರಿಯ ರುಚಿಯಲ್ಲ, ಮೈಯ ಧಾತುವನ್ನು ಬಿಗಿಯುವ ಒಂದು ಕ್ರಿಯೆ. ಆ ಬಿಗಿತ ಏಕೆ ಉಂಟಾಗುತ್ತದೆಂಬ ಪ್ರಶ್ನೆಗೆ ಉತ್ತರ ಬಂದುದು ವೈದ್ಯರಿಂದಲ್ಲ, ತೊಗಲು ಹದಮಾಡುವವರ ಕಸುಬಿನಿಂದ.

ಕಾಚು ಪಶ್ಚಿಮಕ್ಕೆ ಹೋದ ಬಗೆ ಹೀಗೆ. ಗೋವೆಯಲ್ಲಿ ನೆಲಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತನು 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಸಂಭಾಷಣರೂಪದ ಗ್ರಂಥದಲ್ಲಿ ಇದನ್ನು ವರ್ಣಿಸಿ, ಗ್ರೀಕರು ಹೇಳಿದ ಲೈಸಿಯಮ್ ಎಂಬ ಔಷಧ ಇದೇ ಎಂದು ಭಾವಿಸಿದನು. ಆ ಲೈಸಿಯಮ್ ದಾರುಹರಿದ್ರೆಯ ಜಾತಿಯ ಗಿಡಗಳ ಸಾರವೆಂಬುದು ಬಹುಕಾಲದ ಮೇಲೆ ಗೊತ್ತಾಯಿತು. ಯೂರೋಪಿನ ಔಷಧವ್ಯಾಪಾರಿಗಳಿಗಂತೂ ಕಾಚು ಮರದ ಸಾರವೆಂಬುದೇ ತಿಳಿಯದೆ, ಅದನ್ನು ಜಪಾನು ದೇಶದ ಮಣ್ಣೆಂದು ಬಗೆದು ‘ಟೆರ್ರ ಜಪೋನಿಕ’ ಎಂದು ಕರೆದರು. ಮಣ್ಣೂ ಅಲ್ಲದ, ಜಪಾನಿನದೂ ಅಲ್ಲದ ವಸ್ತುವಿಗೆ ಬಂದ ಈ ಹೆಸರು ಔಷಧಕೋಶಗಳಲ್ಲಿ ಬಹುಕಾಲ ಉಳಿಯಿತು. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಶಬ್ದಕೋಶದಲ್ಲಿ ಕ್ಯಾಟೆಚು, ಕಚ್ ಎಂಬ ವ್ಯಾಪಾರದ ಹೆಸರುಗಳು ದಕ್ಷಿಣದ ರೂಪಗಳಿಂದ ಬಂದುವೆಂದು ಹೇಳಿ, ಕನ್ನಡದ ‘ಕಾಚು’, ತಮಿಳಿನ ‘ಕಾಸು’, ಮಲಯದ ‘ಕಚು’ ಎಂಬುವನ್ನು ಉದಾಹರಿಸಿದೆ. ಹಿಂದಿಯ ‘ಕಥ್’ ಎಂಬುದಕ್ಕೆ ಕುದಿಸುವುದೆಂಬ ಅರ್ಥದ ಸಂಸ್ಕೃತ ಧಾತುವನ್ನು ಮೂಲವಾಗಿ ತೋರಿಸಿದೆ. ಕಷಾಯಕ್ಕೆ ಕ್ವಾಥವೆಂದು ಹೆಸರಿರುವುದನ್ನು ಬಲ್ಲವರಿಗೆ ಈ ವ್ಯುತ್ಪತ್ತಿ ಹೊಸದಾಗಿ ತೋರದು.

ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1803ರಲ್ಲಿ ಹಂಫ್ರಿ ಡೇವಿಯ ಒಂದು ಲೇಖನ ಪ್ರಕಟವಾಯಿತು. ಒಗರು ಸಸ್ಯಗಳ ಘಟಕಗಳು, ಅವು ತೊಗಲನ್ನು ಹದಮಾಡುವ ಬಗೆ, ಇವು ಅದರ ವಿಷಯ. ಅದಕ್ಕಾಗಿ ಅವನು ಪರೀಕ್ಷಿಸಿದ ವಸ್ತುಗಳಲ್ಲಿ ಬೊಂಬಾಯಿಯ ಕಾಚೂ ಬಂಗಾಳದ ಕಾಚೂ ಇದ್ದುವು. ಓಕ್ ಮರದ ತೊಗಟೆಗಿಂತ ಕಾಚಿನಲ್ಲಿ ಟ್ಯಾನಿನ್ ಎಂಬ ಹದದ್ರವ್ಯ ಹಲವು ಪಟ್ಟು ಹೆಚ್ಚೆಂದು ಅವನು ಕಂಡನು. ತೊಗಲಿನ ಸಾರವಾದ ಜೆಲಟಿನ್ನನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಈ ಒಗರುನೀರನ್ನು ಹೊಯ್ದರೆ ಎರಡೂ ಕೂಡಿ ಗಸಿಯಾಗಿ ತಳಕ್ಕಿಳಿಯುವುವು. ಹದವಾಗುವುದೆಂದರೆ ಈ ಕೂಡಿಕೆಯೇ. ತೊಗಲಿನ ನಾರಿಗೆ ಕೊಲ್ಲಾಜನ್ ಎಂದು ಹೆಸರು. ಟ್ಯಾನಿನ್ನು ಆ ನಾರುಗಳ ನಡುವೆ ಅಡ್ಡಗಟ್ಟುಗಳಾಗಿ ನಿಂತು ಅವನ್ನು ಬಿಗಿಯುವುದರಿಂದ ಕೊಳೆಯತಕ್ಕ ಹಸಿತೊಗಲು ಕೊಳೆಯದ ಚರ್ಮವಾಗುತ್ತದೆ. ಕನ್ನಡನಾಡಿನಲ್ಲಿ ತಂಗಡಿಯ ತೊಗಟೆಯಿಂದಲೂ ಅಳಲೆಕಾಯಿಯಿಂದಲೂ ಜಾಲಿಯ ಚಕ್ಕೆಯಿಂದಲೂ ತೊಗಲು ಹದಮಾಡುತ್ತಿದ್ದವರ ಕೈಯಲ್ಲಿ ನಡೆಯುತ್ತಿದ್ದುದೂ ಇದೇ ಕ್ರಿಯೆ. ನಾಲಗೆಯ ಮೇಲೆ ಒಗರು ತೋರುವುದೂ ಇದಕ್ಕೆ ಹತ್ತಿರದ ಸಂಗತಿಯೇ. ಎಂಜಲಿನ ಪ್ರೋಟೀನುಗಳೊಡನೆ ಟ್ಯಾನಿನ್ನು ಕೂಡಿಕೊಂಡು ಜಾರುವಿಕೆಯನ್ನು ಕಳೆಯುತ್ತದೆ. ಸುಶ್ರುತನ ಶೋಷಣಸ್ತಂಭನಗಳಿಗೆ ಇದಕ್ಕಿಂತ ಸಮೀಪವಾದ ವ್ಯಾಖ್ಯಾನ ಬೇರೆ ಸಿಕ್ಕಲಾರದು.

ಕಾಚಿನ ಸಾರದಿಂದ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜರ್ಮನಿಯವರು ಬೇರ್ಪಡಿಸಿದ ಶುದ್ಧದ್ರವ್ಯವೇ ಕ್ಯಾಟೆಚಿನ್. ಅದರ ಅಣುರಚನೆಯನ್ನು 1920ರ ದಶಕದಲ್ಲಿ ಕಾರ್ಲ್ ಫ್ರಾಯ್ಡೆನ್‌ಬೆರ್ಗನು ನಿರ್ಧರಿಸಿದನು. ಜಪಾನಿನ ವಿದುಷಿ ಮಿಚಿಯೊ ತ್ಸುಜಿಮುರ 1929ರಲ್ಲಿ ಅದನ್ನು ಹಸುರು ಚಹದಿಂದ ತೆಗೆದಳು. ಕ್ಯಾಟೆಚಿನ್ ಅಣುಗಳೂ ಅವುಗಳ ಬಂಧುಗಳೂ ಕೊಂಡಿಗಳಂತೆ ಕೂಡಿ ಸರಪಣಿಯಾದರೆ ಪ್ರೋಆಂಥೊಸಯನಿಡಿನ್ ಎಂಬ ಟ್ಯಾನಿನ್ನಾಗುತ್ತದೆ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಜಾಕ್ ಮಾಸ್ಕೆಲಿಯೇ ಎಂಬುವನು 1940ರ ದಶಕದ ಕೊನೆಯಲ್ಲಿ ಇದನ್ನು ಕಡಲೆಕಾಯಿಬೀಜದ ಕೆಂಪು ಸಿಪ್ಪೆಯಿಂದ ಪಡೆದನು. ಅನಂತರ ಪೈನ್ ಮರದ ತೊಗಟೆಯಿಂದಲೂ ದ್ರಾಕ್ಷಿಯ ಬೀಜದಿಂದಲೂ ಪಡೆದನು. ದ್ರಾಕ್ಷಾರಸ ಹಿಂಡಿ ಎಸೆದ ಬೀಜಕ್ಕೆ ಬೆಲೆ ಬಂದುದು ಹೀಗೆ.

ಇನ್ನು ದಂತಬಂಧಕದ ಕಥೆ. ಹಲ್ಲಿನ ಹೊರಗವಚವಾದ ಎನಾಮಲ್ ತೂಕದಲ್ಲಿ ನೂರಕ್ಕೆ 96 ಭಾಗ ಖನಿಜ. ಅದರೊಳಗಿನ ಡೆಂಟೀನಿನಲ್ಲಿ ಖನಿಜ ಸುಮಾರು 70 ಭಾಗ, ನೀರು ಸುಮಾರು 10, ಉಳಿದುದು ಬಹುಮಟ್ಟಿಗೆ ಕೊಲ್ಲಾಜನ್. ಎಂದರೆ ಹಲ್ಲಿನ ಒಳಮೈ ಖನಿಜ ತುಂಬಿದ ಒಂದು ಬಗೆಯ ತೊಗಲು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನದೆಲ್ಲ ಇದರಿಂದಲೇ ಹೊರಡುತ್ತದೆ.

ಸ್ವಿಟ್ಜರ್ಲೆಂಡಿನ ರಸಾಯನಜ್ಞ ಓಸ್ಕರ್ ಹಾಗರನು 1949ರಲ್ಲಿ ಗ್ಲಿಸರೊಫಾಸ್ಫಾರಿಕ್ ಆಮ್ಲದಿಂದ ಒಂದು ಬಂಧಕವನ್ನು ಮಾಡಿದನು. ಕ್ರೇಮರ್, ಮ್ಯಾಕ್ಲೀನ್ ಎಂಬಿಬ್ಬರು 1952ರಲ್ಲಿ ಅದನ್ನು ಹಚ್ಚಿದ ಡೆಂಟೀನಿನ ಮೇಲ್ಮೈ ಬಣ್ಣ ಹೀರುವ ರೀತಿಯಲ್ಲಿ ಬದಲಾಗುವುದನ್ನು ಕಂಡರು. ಅದರ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ. ಅಮೆರಿಕದ ರಾಚೆಸ್ಟರಿನ ಮೈಕೆಲ್ ಬುವೊನಕೋರ್ 1955ರಲ್ಲಿ ಎನಾಮಲ್ಲಿಗೆ ನೂರಕ್ಕೆ 85ರ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ರಾಳವು ಗಟ್ಟಿಯಾಗಿ ಹಿಡಿಯುವುದೆಂದು ತೋರಿಸಿದನು. ಲೋಹಕ್ಕೆ ಬಣ್ಣ ಬಳಿಯುವ ಮೊದಲು ಇಂಥ ಆಮ್ಲವನ್ನು ಹಚ್ಚುವ ಕಾರ್ಖಾನೆಯ ಪದ್ಧತಿಯೇ ಅವನಿಗೆ ಮೇಲ್ಪಂಕ್ತಿ. ರಾಫೆಲ್ ಬೋವೆನ್ 1962ರಲ್ಲಿ ಬಿಸ್-ಜಿಎಂಎ ಎಂಬ ರಾಳಕ್ಕೆ ಸ್ವಾಮ್ಯಪತ್ರ ಪಡೆದನು. ಡೆಂಟೀನಿಗೂ ಆಮ್ಲ ಹಚ್ಚುವ ಧೈರ್ಯ ಮಾಡಿದವನು ಟೋಕಿಯೊದ ತಕಾವೊ ಫುಸಯಾಮ, 1979ರಲ್ಲಿ. ಆಮ್ಲವು ಖನಿಜವನ್ನು ಕರಗಿಸಿದಾಗ ಬರಿಯ ಕೊಲ್ಲಾಜನ್ ನಾರಿನ ಜಾಲ ಉಳಿಯುವುದೆಂದೂ, ರಾಳವು ಅದರೊಳಗೆ ಇಳಿದು ಗಟ್ಟಿಯಾಗಿ ಹಲ್ಲೂ ಅಲ್ಲದ ರಾಳವೂ ಅಲ್ಲದ ಒಂದು ಸಂಕರಸ್ತರ ಹುಟ್ಟುವುದೆಂದೂ 1982ರಲ್ಲಿ ನೊಬುವೊ ನಕಬಯಾಶಿ ವಿವರಿಸಿದನು. ಮೂವತ್ತು ವರ್ಷ ಹಿಂದೆ ಕಂಡಿದ್ದ ಬಣ್ಣದ ಬದಲಾವಣೆಗೆ ಆಗ ಅರ್ಥ ಬಂದಿತು.

ಈ ರಾಳವು ಗಟ್ಟಿಯಾಗುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಂಧಕದಲ್ಲಿ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ದ್ರವ್ಯ ಅಲ್ಪವಾಗಿ ಬೆರೆತಿರುತ್ತದೆ. ಹೆಸರೇ ಹೇಳುವಂತೆ ಇದು ಕರ್ಪೂರದ ಮಗು. ಇದರ ಮೇಲೆ ಸುಮಾರು 470 ನ್ಯಾನೊಮೀಟರಿನ ನೀಲಿ ಬೆಳಕು ಬಿದ್ದಾಗ ಜೋಡಿಯಿಲ್ಲದ ಇಲೆಕ್ಟ್ರಾನನ್ನು ಹೊತ್ತ ಉಗ್ರಕಣಗಳು ಹುಟ್ಟುತ್ತವೆ, ಇವೇ ಮುಕ್ತಮೂಲಕಗಳು. ಒಂದು ಮುಕ್ತಮೂಲಕವು ರಾಳದ ಅಣುವೊಂದನ್ನು ಹಿಡಿದು ಅದನ್ನೂ ಉಗ್ರವಾಗಿಸುತ್ತದೆ; ಅದು ಇನ್ನೊಂದನ್ನು ಹಿಡಿಯುತ್ತದೆ; ಹೀಗೆ ಕ್ಷಣಮಾತ್ರದಲ್ಲಿ ಸರಪಣಿ ಬೆಳೆದು ದ್ರವವು ಘನವಾಗುತ್ತದೆ. ಉತ್ಕರ್ಷಣನಿರೋಧಕದ ಕೆಲಸವೇ ಮುಕ್ತಮೂಲಕವನ್ನು ಹಿಡಿದು ಶಾಂತಗೊಳಿಸುವುದು. ಆದುದರಿಂದ ಅಂಟಿಗೂ ಅದಕ್ಕೂ ಸ್ವಭಾವತಃ ವೈರ.

ಈ ವೈರವನ್ನೇ ಉಪಯೋಗಕ್ಕೆ ತಂದುಕೊಂಡ ಸಂಗತಿ ಇನ್ನೂ ಹಿಂದಿನದು. ಫ್ರಾನ್ಸಿನ ಶಾರ್ಲ್ ಮೂರೂ, ಶಾರ್ಲ್ ದ್ಯುಫ್ರೆಸ್ ಎಂಬ ರಸಾಯನಜ್ಞರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಕ್ರೋಲೀನ್ ಎಂಬ ವಿಷದ್ರವವು ಕೂಡಿಟ್ಟಲ್ಲಿಯೇ ತಾನಾಗಿ ರಾಳಗಟ್ಟುವುದನ್ನು ತಡೆಯುವ ಉಪಾಯ ಹುಡುಕುತ್ತಿದ್ದರು. ಹೈಡ್ರೊಕ್ವಿನೋನ್ ಮೊದಲಾದ ಫಿನಾಲುಗಳನ್ನು ಅತ್ಯಲ್ಪವಾಗಿ ಹಾಕಿದರೂ ಸಾಕು, ದ್ರವ ಕೆಡದೆ ನಿಲ್ಲುವುದೆಂದು ಅವರು ಕಂಡುಕೊಂಡರು. ಉತ್ಕರ್ಷಣನಿರೋಧಕವೆಂಬ ಶಾಸ್ತ್ರೀಯ ಕಲ್ಪನೆ ಬೇರೂರಿದುದು ಅವರ ಈ ಕೆಲಸದಿಂದ. ರಾಳದ್ರವಗಳು ಶೀಶೆಯಲ್ಲಿಯೇ ಗಟ್ಟಿಯಾಗಿಬಿಡದಂತೆ ಇಂದಿಗೂ ಅವುಗಳಲ್ಲಿ ಹೈಡ್ರೊಕ್ವಿನೋನನ್ನೋ ಅದರ ಬಂಧುಗಳನ್ನೋ ಕಾವಲಿಗೆ ಇಟ್ಟಿರುತ್ತಾರೆ. ಈ ಹೈಡ್ರೊಕ್ವಿನೋನ್ ಮೊದಲು ಸಿಕ್ಕಿದುದಾದರೂ ಎಲ್ಲಿಂದ? 1820ರಲ್ಲಿ ಪೆಲೆಟಿಯೇ, ಕವಂತು ಎಂಬ ಫ್ರೆಂಚರು ಸಿಂಕೋನ ತೊಗಟೆಯ ಕ್ವಿನಿಕ್ ಆಮ್ಲವನ್ನು ಒಣಗಾಯಿಸಿ ಇದನ್ನು ಪಡೆದರು. ಜ್ವರದ ತೊಗಟೆಯ ಹೆಸರು ಅದಕ್ಕೆ ಇನ್ನೂ ಅಂಟಿಕೊಂಡಿದೆ. ಈಗ ಅದನ್ನು ಕೃತಕವಾಗಿ ಮಾಡುತ್ತಾರೆಂಬುದು ನಿಜ. ಆದರೂ ಉತ್ಕರ್ಷಣನಿರೋಧಕವು ದಂತಬಂಧಕಕ್ಕೆ ಹೊಸ ಅತಿಥಿಯಲ್ಲ. ಮೊದಲಿನಿಂದಲೂ ಅದು ಬಾಗಿಲು ಕಾಯುತ್ತಿದ್ದಿತು, ಮತ್ತು ಅದಕ್ಕೆ ಒಪ್ಪಿಸಿದ್ದ ಕೆಲಸ ಅಂಟನ್ನು ಗಟ್ಟಿಯಾಗಗೊಡದಿರುವುದೇ ಆಗಿದ್ದಿತು.

ಅದನ್ನು ಬಾಗಿಲಿನಿಂದ ಒಳಕ್ಕೆ ಕರೆದುದಕ್ಕೆ ಎರಡು ಬೇರೆಬೇರೆ ಕಾರಣಗಳಿದ್ದುವು. ಇವೆರಡನ್ನೂ ಬೆರಸಿ ಹೇಳುವ ಬರವಣಿಗೆ ಹೆಚ್ಚಾದುದರಿಂದ ಗೊಂದಲವೂ ಹೆಚ್ಚಾಗಿದೆ.

ಮೊದಲನೆಯದು ಹಲ್ಲು ಬಿಳಿಮಾಡುವ ಷೋಕಿಯಿಂದ ಬಂದುದು. ಹೇವುಡ್, ಹೇಮನ್ ಎಂಬ ಅಮೆರಿಕದ ವೈದ್ಯರು 1989ರಲ್ಲಿ, ನೂರಕ್ಕೆ 10ರ ಕಾರ್ಬಮೈಡ್ ಪೆರಾಕ್ಸೈಡನ್ನು ರಾತ್ರಿಯಲ್ಲಿ ಹಲ್ಲಿಗೆ ಕಟ್ಟಿಕೊಂಡು ಮಲಗುವ ಪದ್ಧತಿಯನ್ನು ಪ್ರಕಟಿಸಿದ ಮೇಲೆ ಇದು ಮನೆಮನೆಯ ಮಾತಾಯಿತು. ಆದರೆ ಅದಕ್ಕೆ ಹಿಂದಿನ ವರ್ಷವೇ ಟೊರಾಂಟೊವಿನ ಟಿಟ್ಲಿ, ಟಾರ್ನೆಕ್ ಮುಂತಾದವರು, ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ನೆನೆದ ಹಸುವಿನ ಹಲ್ಲಿಗೆ ರಾಳವು ಸರಿಯಾಗಿ ಹಿಡಿಯದೆಂದು ತೋರಿಸಿದ್ದರು. ಹಲ್ಲಿನಲ್ಲಿ ಅಡಗಿ ಉಳಿದ ಆಮ್ಲಜನಕವು ರಾಳದ ಮುಕ್ತಮೂಲಕಗಳನ್ನು ನುಂಗಿಬಿಡುವುದೇ ಇದಕ್ಕೆ ಹೇಳುವ ಕಾರಣ. ಒಂದೆರಡು ವಾರ ಕಾದರೆ ಅದು ತಾನಾಗಿ ಹೋಗುತ್ತದೆ. ಕಾಯದೆ ಕೆಲಸ ಮಾಡುವ ಉಪಾಯವನ್ನು ಹಾಂಗ್‌ಕಾಂಗಿನ ಶರ್ಲಿ ಲೈ ಮತ್ತು ಸಂಗಡಿಗರು 2001 ಮತ್ತು 2002ರಲ್ಲಿ ಕೊಟ್ಟರು. ಸೋಡಿಯಮ್ ಅಸ್ಕಾರ್ಬೇಟಿನ ನೀರಿನಲ್ಲಿ ಹಲ್ಲನ್ನು ನೆನೆಸಿದರೆ ಕುಂದಿದ ಬಂಧ ಮತ್ತೆ ಬರುತ್ತದೆ. ಇದು ನೆಲ್ಲಿ ನಿಂಬೆಗಳ ಸತ್ತ್ವದ ಲವಣವೇ ಸರಿ. ಸ್ಕರ್ವಿ ಎಂಬ ವಸಡಿನ ರೋಗವನ್ನು ಕಳೆಯುವುದರಿಂದಲೇ ಆ ಸತ್ತ್ವಕ್ಕೆ ಅಸ್ಕಾರ್ಬಿಕ್ ಎಂಬ ಹೆಸರು ಬಂದುದು. ಚೆನ್ನೈನ ಸಂಶೋಧಕರು 2011ರಲ್ಲಿ ದ್ರಾಕ್ಷಿಬೀಜದ ಸಾರವನ್ನು ನೂರಕ್ಕೆ 5ರಂತೆ ಕರಗಿಸಿ ಹಚ್ಚಿ, ಅದೂ ಬಿಳಿಮಾಡಿದ ಎನಾಮಲ್ಲಿನ ಬಂಧವನ್ನು ಸರಿಪಡಿಸುವುದೆಂದು ಕಂಡರು. ಇಲ್ಲಿ ಒಂದು ಸೂಕ್ಷ್ಮವಿದೆ. ಆಮ್ಲಜನಕವು ಅಂಟಿಗೆ ಶತ್ರು. ಉತ್ಕರ್ಷಣನಿರೋಧಕವು ಆ ಶತ್ರುವಿಗೆ ಶತ್ರುವಾಗಿ ಅಂಟಿಗೆ ಮಿತ್ರವಾಯಿತು. ಆದರೆ ಅದನ್ನು ಹಚ್ಚಿ, ತೊಳೆದು, ಆಮೇಲೆ ಅಂಟನ್ನು ಬಳಿದರು. ಅಂಟಿನೊಡನೆ ಅದನ್ನು ಕೂಡಿಹಾಕಲಿಲ್ಲ.

ಎರಡನೆಯ ಕಾರಣವೇ ಹೆಚ್ಚಿನದು. ಸಂಕರಸ್ತರವು ಬಾಳುವುದಿಲ್ಲ. ಜಪಾನಿನ ಹಶಿಮೊಟೊ ಮತ್ತು ಸಂಗಡಿಗರು ಮಕ್ಕಳ ಹಾಲುಹಲ್ಲುಗಳಿಗೆ ರಾಳವನ್ನು ತುಂಬಿ, ಆ ಹಲ್ಲುಗಳು ಬಿದ್ದ ಮೇಲೆ ಅವನ್ನು ಪರೀಕ್ಷಿಸಿ 2000ದಲ್ಲಿ ವರದಿಮಾಡಿದರು: ಎರಡು ಮೂರು ವರ್ಷ ಬಾಯಲ್ಲಿದ್ದವುಗಳ ಬಂಧಶಕ್ತಿ ಮೊದಲಿನ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿದಿದ್ದಿತು. ರಾಳವು ಪೂರ್ತಿಯಾಗಿ ತುಂಬದ ಕಡೆ ಬರಿಮೈಯಾಗಿ ಉಳಿದ ಕೊಲ್ಲಾಜನ್ ನಾರನ್ನು ಏನೋ ತಿನ್ನುತ್ತಿದ್ದಿತು. ಸೂಕ್ಷ್ಮಜೀವಿಗಳೆಂದು ಊಹಿಸುವುದು ಸಹಜ. ಆದರೆ ಪ್ಯಾಶ್ಲಿ ಮುಂತಾದವರು 2004ರಲ್ಲಿ, ಆಮ್ಲ ಹಚ್ಚಿದ ಡೆಂಟೀನನ್ನು ಕೃತಕವಾದ ಎಂಜಲಿನಲ್ಲಿ 250 ದಿನ ಇಟ್ಟು ನೋಡಿದಾಗ ನಾರು ಬಹುಮಟ್ಟಿಗೆ ನಾಶವಾಗಿದ್ದಿತು. ಕಿಣ್ವಗಳನ್ನು ತಡೆಯುವ ದ್ರವ್ಯ ಹಾಕಿದ್ದಲ್ಲಿ ಉಳಿದಿದ್ದಿತು. ಹಾಗಾದರೆ ತಿನ್ನುವ ಕಿಣ್ವ ಹಲ್ಲಿನೊಳಗಿನದೇ. ಇಂಥ ಕಿಣ್ವವನ್ನು ಮೊದಲು ಕಂಡುದು ಕಪ್ಪೆಮರಿಯ ಬಾಲದಲ್ಲಿ: ಬಾಲ ಕರಗಿ ಮರಿ ಕಪ್ಪೆಯಾಗುವುದು ಹೇಗೆಂದು ಹುಡುಕುತ್ತ ಗ್ರೋಸ್, ಲಾಪಿಯೇರ್ ಎಂಬುವರು 1962ರಲ್ಲಿ ಕಂಡರು. ಹಲ್ಲು ಹುಟ್ಟುವಾಗ ಡೆಂಟೀನಿನಲ್ಲಿ ಸೆರೆಸಿಕ್ಕಿ ನಿದ್ರಿಸುತ್ತಿದ್ದ ಕಿಣ್ವಗಳನ್ನು ಅಂಟಿಗಾಗಿ ಹಚ್ಚಿದ ಆಮ್ಲವೇ ಎಬ್ಬಿಸುತ್ತದೆ. ಚಿಕಿತ್ಸೆಯೇ ರೋಗದ ಬೀಜವನ್ನು ಬಿತ್ತುವ ಇಂಥ ನಿದರ್ಶನಗಳು ವೈದ್ಯಶಾಸ್ತ್ರದಲ್ಲಿ ಅಪೂರ್ವವಲ್ಲ. ಪಾದರಸದ ತುಂಬಿಕೆಯನ್ನು ಕಡಿಮೆಮಾಡಬೇಕೆಂದು 2013ರ ಮಿನಮಾಟ ಒಪ್ಪಂದದಲ್ಲಿ ರಾಷ್ಟ್ರಗಳು ಒಪ್ಪಿದ ಮೇಲೆ ಅಂಟುವ ರಾಳದ ಮೇಲೆಯೇ ಹೆಚ್ಚು ಭಾರ ಬಿದ್ದಿರುವುದರಿಂದ, ಅದು ಎಷ್ಟು ಕಾಲ ಬಾಳುವುದೆಂಬುದು ಪಂಡಿತರ ಚರ್ಚೆಯಾಗಿ ಮಾತ್ರ ಉಳಿದಿಲ್ಲ.

ಕೊಳೆಯುವ ತೊಗಲಿಗೆ ಟ್ಯಾನಿನ್ನು ಔಷಧವೆಂಬುದು ಹಿಂದೆ ಬಂದಿದೆಯಷ್ಟೆ. ಅದನ್ನೇ ಇಲ್ಲಿಯೂ ಪ್ರಯೋಗಿಸಿದರು. ಷಿಕಾಗೊವಿನ ಬೆಡ್ರಾನ್-ರೂಸೋ ಮತ್ತು ಸಂಗಡಿಗರು 2007ರಲ್ಲಿ ದ್ರಾಕ್ಷಿಬೀಜದ ಸಾರದಲ್ಲಿ ನೆನೆಸಿದ ಡೆಂಟೀನಿನ ನಾರು ಹೆಚ್ಚು ಬಲವಾಗುವುದೆಂದು ತೋರಿಸಿದರು. ಚಹದ ಕ್ಯಾಟೆಚಿನ್ನುಗಳು ಈ ಜಾತಿಯ ಕಿಣ್ವಗಳನ್ನು ಅಡಗಿಸುವುವೆಂಬುದು 2000ದಲ್ಲಿಯೇ ಕೆನಡದಲ್ಲಿ ಗೊತ್ತಾಗಿದ್ದಿತು. ಇಲ್ಲಿ ಉಪಯೋಗಕ್ಕೆ ಬರುವುದು ಇವುಗಳ ಬಿಗಿಯುವ ಗುಣ, ಕಿಣ್ವವನ್ನು ತಡೆಯುವ ಗುಣ. ಉತ್ಕರ್ಷಣವನ್ನು ನಿರೋಧಿಸುವ ಗುಣವಲ್ಲ. ಉತ್ಕರ್ಷಣನಿರೋಧಕವೆಂಬ ಬಿರುದು ಈ ದ್ರವ್ಯಗಳಿಗೆ ಬೇರೆ ಸಭೆಯಲ್ಲಿ ಬಂದುದು. ಈ ಸಭೆಯಲ್ಲಿ ಅದು ಭೂಷಣವಾಗುವುದಕ್ಕಿಂತ ಭಾರವಾದುದೇ ಹೆಚ್ಚು.

ಹೇಗೆಂದರೆ, ಅಮೆರಿಕದ ಕನ್ಸಾಸ್ ಸಿಟಿಯಲ್ಲಿ 2010ರಲ್ಲಿ ದ್ರಾಕ್ಷಿಬೀಜದ ಪ್ರೋಆಂಥೊಸಯನಿಡಿನ್ನನ್ನು ಬಂಧಕದಲ್ಲಿಯೇ ಬೆರಸಿದಾಗ ನಾರು ಕಿಣ್ವಕ್ಕೆ ಎದುರುನಿಂತಿತು. ಆದರೆ ಹಾಂಗ್‌ಕಾಂಗಿನವರು 2012ರಲ್ಲಿ ನೂರಕ್ಕೆ 1, 2, 3 ಭಾಗಗಳಂತೆ ಬೆರಸಿ ನೋಡಿದಾಗ 3 ಭಾಗ ಬಿದ್ದಲ್ಲಿ ಬಂಧವೇ ದುರ್ಬಲವಾಯಿತು. ಮರುವರ್ಷ ಕನ್ಸಾಸಿನವರೇ, ಈ ದ್ರವ್ಯವು ಬೆಳಕಿನಿಂದ ರಾಳವು ಗಟ್ಟಿಯಾಗುವುದನ್ನು ತಡೆಯುವುದೆಂದು ಅಳೆದು ತೋರಿಸಿದರು. ಕರ್ಪೂರದ ಮಗು ಹೊತ್ತಿಸಿದ ಕಿಡಿಯನ್ನು ದ್ರಾಕ್ಷಿಯ ಬೀಜ ಆರಿಸಿದಂತಾಯಿತು. ಇದಲ್ಲದೆ, ಗಟ್ಟಿಯಾದ ರಾಳದೊಳಗೆ ಸಿಕ್ಕಿಕೊಂಡ ಔಷಧವು ನಾರಿನ ಬಳಿಗೆ ಹೋಗುವುದು ಹೇಗೆ? ಚೀನದವರು 2012ರಲ್ಲಿ ಚಹದ ಕ್ಯಾಟೆಚಿನ್ನನ್ನು ಮಿಲಿಲೀಟರಿಗೆ ಕೆಲವು ನೂರು ಮೈಕ್ರೋಗ್ರಾಮಿನಷ್ಟು ಮಾತ್ರ ಬೆರಸಿ ಈ ತೊಡಕನ್ನು ತಪ್ಪಿಸಿಕೊಳ್ಳಲು ನೋಡಿದರು. ಮಾತ್ರೆಯ ವಿಚಾರದಲ್ಲಿ ಇದು ವಿವೇಕದ ಹಾದಿ.

ಇದಕ್ಕಿಂತ ಒಳ್ಳೆಯ ಹಾದಿ, ಮಿತ್ರನನ್ನೂ ಶತ್ರುವನ್ನೂ ಒಂದೇ ಶೀಶೆಯಲ್ಲಿ ಇಡದಿರುವುದು. ಮೊದಲು ಹಚ್ಚಿ ಆಮೇಲೆ ಅಂಟು ಬಳಿಯುವ ಕ್ರಮಕ್ಕೆ ಒಂದೇ ಅಡ್ಡಿ ಇದ್ದಿತು: ಆರಂಭದ ಪ್ರಯೋಗಗಳಲ್ಲಿ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ನೆನೆಸುತ್ತಿದ್ದರು. ಬಾಯಿ ತೆರೆದು ಕುಳಿತ ರೋಗಿಗೆ ಅದು ಸಾಧ್ಯವೆ? ತೊಗಲು ಹದವಾಗುವುದಕ್ಕೆ ವಾರಗಟ್ಟಲೆ ಬೇಕೆಂಬ ಸಂಸ್ಕಾರವೇ ಅಲ್ಲಿ ಕೆಲಸ ಮಾಡಿದಂತಿದೆ. ಆದರೆ ಆಮ್ಲದಿಂದ ಬರಿದಾದ ನಾರಿನ ಪದರ ಕೆಲವೇ ಮೈಕ್ರೋಮೀಟರು ದಪ್ಪವಾದುದರಿಂದ ಅರ್ಧ ನಿಮಿಷದಷ್ಟು ಅಲ್ಪಕಾಲವೂ ಸಾಕೆಂದು 2013ರಲ್ಲಿ ಕನ್ಸಾಸಿನವರು ಕಂಡರು. ಮುಂದಿನ ವರ್ಷ ದ್ರಾಕ್ಷಿಬೀಜದ ಸಾರವನ್ನು ಫಾಸ್ಫಾರಿಕ್ ಆಮ್ಲದಲ್ಲಿಯೇ ಸೇರಿಸಿ, ಖನಿಜ ಕರಗುವುದೂ ನಾರು ಬಿಗಿಯುವುದೂ ಒಂದೇ ಹೊತ್ತಿನಲ್ಲಿ ನಡೆಯುವಂತೆ ಮಾಡಿದರು. ಇಂಥ ಪ್ರಯೋಗಗಳಲ್ಲಿ ಬಹುಪಾಲು ಕಿತ್ತ ಹಲ್ಲಿನ ಮೇಲೆ ನಡೆದವು ಎಂಬುದನ್ನು ಮರೆಯಬಾರದು.

ಸಸ್ಯಜನ್ಯವಾದುದರಿಂದ ಇವು ನಿರಪಾಯವೆಂಬ ಮಾತು ಈ ಪ್ರಸಂಗದಲ್ಲಿ ಪದೇಪದೇ ಬರುತ್ತದೆ. ಅದಕ್ಕೆ ಉತ್ತರ ಮಲೆನಾಡಿನ ಅಡಕೆಯಲ್ಲಿಯೇ ಇದೆ. ಅಡಕೆಯನ್ನು ಬೇಯಿಸಿದ ನೀರು ಗಟ್ಟಿಯಾದಾಗ ಅದಕ್ಕೆ ಚೊಗರೆಂದು ಹೆಸರು. ಅಡಕೆಗೆ ಕೆಂಪು ಬಣ್ಣ ಕೊಡುವ ಈ ಚೊಗರು ಟ್ಯಾನಿನ್ನಿನ ರಾಶಿ. ಕೀನ್ಯದಲ್ಲಿ ನೆಲಸಿದ್ದ ಭಾರತೀಯ ಸ್ತ್ರೀಯರಲ್ಲಿ ಕೆನ್ನೆಯ ಒಳಮೈ ನಾರುಗಟ್ಟಿ ಬಾಯಿ ತೆರೆಯದಂತಾಗುವ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬುವನು ವರ್ಣಿಸಿದನು. ಮರುವರ್ಷ ಬೊಂಬಾಯಿಯ ಜೋಶಿಯವರು ಅದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆದರು. ಅಡಕೆಯ ಟ್ಯಾನಿನ್ನು ಕೆನ್ನೆಯ ಕೊಲ್ಲಾಜನನ್ನು ಕಿಣ್ವಗಳಿಗೆ ಜಗ್ಗದಂತೆ ಬಿಗಿಯುವುದೂ ಈ ರೋಗಕ್ಕೆ ಒಂದು ಕಾರಣವಿರಬಹುದೆಂದು ಸ್ಕಟ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಅಡಕೆಯಲ್ಲಿ ಬೇರೆ ದೋಷದ್ರವ್ಯಗಳೂ ಇವೆ. ಅದು ಕ್ಯಾನ್ಸರಿಗೆ ಕಾರಣವೆಂದು ವಿಶ್ವಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಸಂಸ್ಥೆ 2004ರಲ್ಲಿ ಪ್ರಕಟಿಸಿತು. ಆದರೆ ಪ್ರಕೃತಕ್ಕೆ ಬೇಕಾದುದು ಇಷ್ಟು: ಹಲ್ಲಿನೊಳಗಿನ ಸತ್ತ ನಾರಿನಲ್ಲಿ ಬೇಡಿಬಯಸುವ ಬಿಗಿತವೇ ಕೆನ್ನೆಯ ಜೀವಂತವಾದ ನಾರಿನಲ್ಲಿ ವ್ಯಾಧಿಯಾಗುತ್ತದೆ. ಕಷಾಯರಸವನ್ನು ಅತಿಯಾಗಿ ಸೇವಿಸಿದರೆ ಬಾಯೊಣಗುವುದು, ಮಾತು ಹಿಡಿಯುವುದು, ಕತ್ತು ಸೆಟೆಯುವುದು ಎಂದು ಸುಶ್ರುತನು ಎಚ್ಚರಿಸಿದ್ದಾನೆ. ಅವನು ಈ ರೋಗವನ್ನೇ ಕಂಡಿದ್ದನೆಂದು ಹೇಳುವುದಕ್ಕೆ ಅಲ್ಲಿ ಆಧಾರವಿಲ್ಲ. ಆದರೆ ಒಂದು ರಸದ ಗುಣವನ್ನು ಹೇಳಿದ ವಾಕ್ಯದ ಪಕ್ಕದಲ್ಲಿಯೇ ಅದರ ಅತಿಯೋಗದ ದೋಷವನ್ನೂ ಹೇಳುವುದು ಆ ಗ್ರಂಥಗಳ ಕ್ರಮ. ಗುಣವಾಕ್ಯವನ್ನು ಮಾತ್ರ ಎತ್ತಿ ಮೆರೆಸುವವರು ಆ ಕ್ರಮಕ್ಕೆ ಎರವಾಗುತ್ತಾರೆ.

ಉಳಿದುದು ಬಣ್ಣದ ಮಾತು. ಕಾಚಿನಿಂದ ಬಟ್ಟೆಗೂ ಮೀನಿನ ಬಲೆಗೂ ಹಡಗಿನ ಹಾಯಿಗೂ ಕಂದು ಬಣ್ಣವನ್ನು ಹಾಕುತ್ತಿದ್ದರು. ಅವು ಕೊಳೆಯದಿರಲೆಂಬುದೂ ಅದರ ಉದ್ದೇಶ. ಅದೇ ಕುಲದ ದ್ರಾಕ್ಷಿಬೀಜದ ಸಾರವೂ ಡೆಂಟೀನನ್ನು ಬಿಗಿಯುವಾಗ ಅದಕ್ಕೆ ಕಂದು ಬಣ್ಣ ಕೊಡದೆ ಇರುವುದಿಲ್ಲ. ದವಡೆಯ ಹಲ್ಲಿನ ಕುಳಿಯೊಳಗೆ ಇದು ಮರೆಯಾಗುತ್ತದೆ. ಮುಂಬಲ್ಲಿನಲ್ಲಿ ಮರೆಯಾಗುವುದಿಲ್ಲ, ಅದರಲ್ಲಿಯೂ ಬಿಳಿಮಾಡಿಸಿಕೊಂಡು ಬಂದವರ ಮುಂಬಲ್ಲಿನಲ್ಲಿ.